ಒಂದು ‘ರದ್ದು ಮಾಡಿ’ ಬಟನ್ ಹಿಂದಿನ ಕೆಲಸ

(ಸಾಫ್ಟ್‌ವೇರ್ ಕ್ಷೇತ್ರಕ್ಕೆ ಹೊಸದಾಗಿ ಕಾಲಿಡುತ್ತಿರುವವರ ಮುಂದೆ ಕೊಟ್ಟ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಮೂರನ್ನು ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಸಾಫ್ಟ್‌ವೇರ್ ಹೇಗೆ ತಯಾರಾಗುತ್ತದೆ ಹೇಳಿ ಅಂದರೆ ಸಾಮಾನ್ಯವಾಗಿ ಬೋರ್ಡಿನ ಮೇಲೆ ಐದಾರು ಚೌಕ ಬರೆಯುತ್ತಾರೆ. ಅಗತ್ಯಗಳ ಪಟ್ಟಿ, ವಿನ್ಯಾಸ, ಕೋಡಿಂಗ್, ಟೆಸ್ಟಿಂಗ್, ಬಿಡುಗಡೆ, ನಿರ್ವಹಣೆ. ಚೌಕಗಳ ನಡುವೆ ಒಂದೊಂದು ಬಾಣ. ಪರೀಕ್ಷೆಯಲ್ಲಿ ಇದನ್ನೇ ಬರೆದರೆ ಅಂಕ ಬರುತ್ತದೆ, ಬೇಡ ಅನ್ನುವುದಿಲ್ಲ. ಆದರೆ ಯಾವುದಾದರೂ ತಂಡದಲ್ಲಿ ಮೊದಲ ವಾರ ಕೂತು ನೋಡಿ, ಆ ಚೌಕಗಳು ಎಲ್ಲಿವೆ ಅಂತ ಹುಡುಕಬೇಕಾಗುತ್ತದೆ. ನಾನು ಕಂಡ ಮಟ್ಟಿಗೆ ಕೆಲಸ ಕೆಡುವುದು ಚೌಕದ ಒಳಗೆ ಕಡಿಮೆ, ಬಾಣದ ಹತ್ತಿರ ಹೆಚ್ಚು. ಅಂದರೆ ಒಬ್ಬರ ತಲೆಯಲ್ಲಿದ್ದದ್ದು ಇನ್ನೊಬ್ಬರ ತಲೆಗೆ ದಾಟಬೇಕಾದ ಜಾಗದಲ್ಲಿ. ಇವತ್ತು ಆ ಬಾಣಗಳ ಬಗ್ಗೆಯೇ ಮಾತಾಡೋಣ ಅಂತಿದ್ದೇನೆ.

ಅದಕ್ಕೆ ಒಂದೇ ಒಂದು ಬಟನ್ ಸಾಕು. ಬಸ್ಸಿನ ಸೀಟು ಕಾಯ್ದಿರಿಸುವ ಒಂದು ಆ್ಯಪ್ ಇದೆ ಅಂದುಕೊಳ್ಳಿ. ಕಾಯ್ದಿರಿಸುವುದು ಈಗಾಗಲೇ ನಡೆಯುತ್ತಿದೆ. ರದ್ದು ಮಾಡಬೇಕಾದರೆ ಮಾತ್ರ ಜನ ಫೋನ್ ಮಾಡಬೇಕು. ಈಗ ಆ್ಯಪ್‌ನಲ್ಲೇ ‘ರದ್ದು ಮಾಡಿ’ ಅನ್ನುವ ಬಟನ್ ಬೇಕಾಗಿದೆ. ಆ್ಯಪ್‌ನಲ್ಲಿ ಏನಿರಬೇಕು ಎಂದು ತೀರ್ಮಾನಿಸುವ ಪ್ರಾಡಕ್ಟ್ ಮ್ಯಾನೇಜರ್ ಎರಡು ಸಾಲು ಬರೆದು ಕಳಿಸುತ್ತಾರೆ: “ಬಸ್ ಹೊರಡುವ 24 ಗಂಟೆ ಮೊದಲು ರದ್ದು ಮಾಡಿದರೆ ಪೂರ್ತಿ ಹಣ ವಾಪಸ್. ಆಮೇಲೆ ಮಾಡಿದರೆ ಅರ್ಧ.”

ಓದಿದರೆ ಸಲೀಸು ಅನ್ನಿಸುತ್ತದೆ. ಒಳ್ಳೆಯ ತಂಡವಾದರೆ ಇಲ್ಲೇ ಅರ್ಧ ದಿನ ಹೋಗುತ್ತದೆ, ಹೋಗಬೇಕು ಕೂಡ. ‘ಬಸ್ ಹೊರಡುವ’ ಅಂದರೆ ಎಲ್ಲಿಂದ? ಬಸ್ಸು ರಾತ್ರಿ ಹನ್ನೊಂದಕ್ಕೆ ಮೊದಲ ನಿಲ್ದಾಣದಿಂದ ಹೊರಡುತ್ತದೆ. ನಮ್ಮ ಪ್ರಯಾಣಿಕರು ಹತ್ತುವುದು ನಾಲ್ಕನೇ ನಿಲ್ದಾಣದಲ್ಲಿ, ನಡುರಾತ್ರಿ ಒಂದೂವರೆಗೆ. ಅವರ ಕೈಯಲ್ಲಿರುವ ಸಂದೇಶದಲ್ಲಿ ತಾರೀಖೇ ಬೇರೆ. 24 ಗಂಟೆಯನ್ನು ಯಾವ ಹೊತ್ತಿನಿಂದ ಹಿಂದಕ್ಕೆ ಎಣಿಸಬೇಕು? ಒಂದೇ ಬುಕಿಂಗ್‌ನಲ್ಲಿ ನಾಲ್ಕು ಸೀಟಿದ್ದು ಒಂದನ್ನು ಮಾತ್ರ ರದ್ದು ಮಾಡಿದರೆ? ಕೂಪನ್ ಹಾಕಿ ರಿಯಾಯಿತಿ ಪಡೆದಿದ್ದರೆ ಕೂಪನ್ ವಾಪಸ್ ಬರುತ್ತದೆಯೋ ಇಲ್ಲವೋ? ಬಸ್ಸನ್ನೇ ಕಂಪನಿಯವರು ರದ್ದು ಮಾಡಿದರೆ ಆಗಲೂ ‘ಅರ್ಧ’ವೇ?

ಈ ಪ್ರಶ್ನೆಗಳಿಗೆ ಉತ್ತರ ಕೊಡುವುದು ಡೆವಲಪರ್ ಕೆಲಸ ಅಲ್ಲ. ಆದರೆ ಯಾರೂ ಕೇಳದಿದ್ದರೆ ಉತ್ತರ ಕೊಡುವುದು ಡೆವಲಪರೇ. ರಾತ್ರಿ ಹತ್ತು ಗಂಟೆಗೆ ಕೋಡ್ ಬರೆಯುತ್ತಾ, ಯಾವುದೋ ಒಂದು ವೇಳೆಯನ್ನು ಆರಿಸಿಕೊಂಡು ಮುಂದೆ ಹೋಗಿರುತ್ತಾರೆ. ಆ ನಿರ್ಧಾರ ಆಗಿದೆ ಅಂತ ಪ್ರಾಡಕ್ಟ್ ಮ್ಯಾನೇಜರ್‌ಗೆ ಗೊತ್ತಾಗುವುದು ಆರು ತಿಂಗಳ ನಂತರ, ಪ್ರಯಾಣಿಕರೊಬ್ಬರು ಜಗಳಕ್ಕೆ ಬಂದಾಗ.

ಇಲ್ಲೊಂದು ಮಾತು ಸೇರಿಸುತ್ತೇನೆ. ಅಗತ್ಯಗಳನ್ನು ತಿಳಿದುಕೊಳ್ಳಲು ದೊಡ್ಡ ದೊಡ್ಡ ವರ್ಕ್‌ಶಾಪ್ ಮಾಡುತ್ತಾರೆ, ಗೋಡೆ ತುಂಬ ಬಣ್ಣದ ಚೀಟಿ ಅಂಟಿಸುತ್ತಾರೆ. ಇಷ್ಟು ದಿನ ರದ್ದತಿಯ ಫೋನ್ ತೆಗೆದುಕೊಳ್ಳುತ್ತಿದ್ದ ಗ್ರಾಹಕ ಸೇವೆಯವರನ್ನು ಮಾತ್ರ ಕರೆಯುವುದಿಲ್ಲ. ನಾಲ್ಕನೇ ನಿಲ್ದಾಣದ ತಕರಾರು ಅವರಿಗೆ ಬಾಯಿಪಾಠ ಆಗಿರುತ್ತದೆ. ಅವರ ಪಕ್ಕ ಒಂದು ಮಧ್ಯಾಹ್ನ ಕೂತು ಕರೆಗಳನ್ನು ಕೇಳಿಸಿಕೊಂಡರೆ ಸಿಗುವಷ್ಟು ಮಾಹಿತಿ ಆ ಚೀಟಿಗಳಲ್ಲಿ ಸಿಗುವುದಿಲ್ಲ.

ಇನ್ನು ವಿನ್ಯಾಸಕ್ಕೆ ಬರೋಣ. ಇದರಲ್ಲಿ ಎಷ್ಟೋ ವಿಷಯ ಇದೆ. ನಾನು ಒಂದನ್ನೇ ಹಿಡಿದು ಸ್ವಲ್ಪ ಒಳಗೆ ಹೋಗುತ್ತೇನೆ.

ಪ್ರಯಾಣಿಕರು ಬಟನ್ ಒತ್ತಿದರು. ನಮ್ಮ ಸರ್ವರ್ ಪೇಮೆಂಟ್ ಗೇಟ್‌ವೇಗೆ, ಅಂದರೆ ನಮ್ಮ ಪರವಾಗಿ ಹಣ ಪಡೆದು ಕೊಡುವ ಸೇವೆಗೆ, “ಇಷ್ಟು ಹಣ ವಾಪಸ್ ಕೊಡಿ” ಅಂತ ಕೋರಿಕೆ ಕಳಿಸಿತು. ಗೇಟ್‌ವೇ ಕೊಟ್ಟಿತು. “ಕೊಟ್ಟೆ” ಅನ್ನುವ ಉತ್ತರ ಮಾತ್ರ ನೆಟ್‌ವರ್ಕ್‌ನಲ್ಲಿ ಎಲ್ಲೋ ಕಳೆದುಹೋಯಿತು. ನಮ್ಮ ಸರ್ವರ್ ಮೂವತ್ತು ಸೆಕೆಂಡು ಕಾದು, ಉತ್ತರ ಬರಲಿಲ್ಲ ಅಂತ ಇನ್ನೊಮ್ಮೆ ಕಳಿಸಿತು. ಗೇಟ್‌ವೇ ಇನ್ನೊಮ್ಮೆ ಹಣ ಕೊಟ್ಟಿತು. ಎರಡೂ ಕಡೆಯ ಕೋಡ್‌ನಲ್ಲಿ ಒಂದು ಸಾಲೂ ತಪ್ಪಿಲ್ಲ. ಪ್ರಯಾಣಿಕರಿಗೆ ಎರಡು ಸಲ ಹಣ ಹೋಗಿದೆ.

ಇದಕ್ಕೆ ಪರಿಹಾರ ಹಳೆಯದು, ಚೆನ್ನಾಗಿಯೂ ಇದೆ. ಪ್ರತಿ ಕೋರಿಕೆಗೂ ನಾವೇ ಒಂದು ವಿಶಿಷ್ಟ ಸಂಖ್ಯೆ ಕೊಡಬೇಕು. ಎರಡನೇ ಸಲ ಕಳಿಸುವಾಗಲೂ ಅದೇ ಸಂಖ್ಯೆ. ಅದನ್ನು ಗೇಟ್‌ವೇ ಮೊದಲೇ ಕಂಡಿದ್ದರೆ ಮತ್ತೆ ಹಣ ಕೊಡದೆ, ಹಿಂದಿನ ಉತ್ತರವನ್ನೇ ತಿರುಗಿ ಕಳಿಸುತ್ತದೆ. ಹತ್ತು ಸಲ ಕೇಳಿದರೂ ಫಲ ಒಂದೇ. ಪೇಮೆಂಟ್ ಕೆಲಸ ಮಾಡುವವರು ಇದಕ್ಕೆ ಐಡೆಂಪೊಟೆನ್ಸಿ ಕೀ ಅನ್ನುತ್ತಾರೆ. ಹೆಸರು ನಾಲಿಗೆಗೆ ಕಷ್ಟ, ಕೆಲಸ ಸುಲಭ.

ಆದರೆ ಇದರ ಇನ್ನೊಂದು ತುದಿ ತೆರೆಯ ಮೇಲಿದೆ. ಕೋರಿಕೆ ಕಳಿಸಿಯಾಗಿದೆ, ಉತ್ತರ ಬಂದಿಲ್ಲ. ಈಗ ಸ್ಥಿತಿ ‘ಆಯಿತು’ ಅಲ್ಲ, ‘ಆಗಲಿಲ್ಲ’ ಕೂಡ ಅಲ್ಲ. ‘ಗೊತ್ತಿಲ್ಲ’. ಸ್ಕ್ರೀನ್ ವಿನ್ಯಾಸ ಮಾಡುವವರಿಗೆ ಇಂಥ ಮೂರನೇ ಸ್ಥಿತಿಯೊಂದಿದೆ ಎಂದು ಯಾರೂ ಹೇಳದಿದ್ದರೆ ಅವರು ಎರಡೇ ಪರದೆ ಮಾಡಿರುತ್ತಾರೆ: ಹಸಿರು ಟಿಕ್ ಒಂದು, ಕೆಂಪು ಅಕ್ಷರದ “ವಿಫಲವಾಗಿದೆ, ಮತ್ತೆ ಪ್ರಯತ್ನಿಸಿ” ಇನ್ನೊಂದು. ಡೆವಲಪರ್ ಅನುಮಾನದ ಸಂದರ್ಭಕ್ಕೆಲ್ಲ ಕೆಂಪನ್ನೇ ತೋರಿಸುತ್ತಾರೆ. ಪ್ರಯಾಣಿಕರು ಗಾಬರಿಯಿಂದ ಮತ್ತೆ ಒತ್ತುತ್ತಾರೆ. ಪ್ರತಿ ಒತ್ತಿಗೂ ಹೊಸ ಸಂಖ್ಯೆ ಹುಟ್ಟಿಸುವಂತೆ ಕೋಡ್ ಬರೆದಿದ್ದರೆ ಮೇಲೆ ಹೇಳಿದ ಜಾಣತನವೆಲ್ಲ ನೀರುಪಾಲು. “ನಿಮ್ಮ ಕೋರಿಕೆ ತಲುಪಿದೆ, ಹಣ ವಾಪಸ್ ಆದ ಕೂಡಲೇ ತಿಳಿಸುತ್ತೇವೆ” ಅನ್ನುವ ಒಂದು ವಾಕ್ಯ ಬರೆಯಲು ಡಿಸೈನರ್ ಮತ್ತು ಸರ್ವರ್ ಡೆವಲಪರ್ ಒಂದೇ ಮೇಜಿನಲ್ಲಿ ಕೂರಬೇಕು.

ಇನ್ನೂ ಒಂದಿದೆ. ಮೊದಲು ಸೀಟನ್ನು ಖಾಲಿ ಅಂತ ತೋರಿಸಬೇಕೋ, ಮೊದಲು ಹಣ ಕೊಡಬೇಕೋ? ಸೀಟು ಮೊದಲು ಬಿಟ್ಟರೆ ಬೇರೆಯವರು ಕೊಂಡುಬಿಡುತ್ತಾರೆ, ಹಣ ಹೋಗದಿದ್ದರೆ ಹಳೆಯ ಪ್ರಯಾಣಿಕರಿಗೆ ಸೀಟೂ ಇಲ್ಲ, ಹಣವೂ ಇಲ್ಲ. ಹಣ ಮೊದಲು ಕೊಟ್ಟರೆ ಕೆಲ ಹೊತ್ತು ಸೀಟು ಸುಮ್ಮನೆ ಖಾಲಿ ಹೋಗಬಹುದು. ನಷ್ಟ ಯಾರ ಪಾಲಿಗಿರಲಿ ಅನ್ನುವ ಪ್ರಶ್ನೆ ಇದು. ವ್ಯವಹಾರ ನೋಡಿಕೊಳ್ಳುವವರು ಬಾಯಿಬಿಟ್ಟು ಹೇಳಬೇಕಾದದ್ದು. ಹೆಚ್ಚಿನ ಕಡೆ ಇದನ್ನು ತೀರ್ಮಾನಿಸುವುದು ಕೋಡ್‌ನಲ್ಲಿ ಯಾವ ಸಾಲು ಮೇಲಿದೆ, ಯಾವುದು ಕೆಳಗಿದೆ ಅನ್ನುವುದಷ್ಟೇ.

1968ರಲ್ಲಿ ಮೆಲ್ವಿನ್ ಕಾನ್ವೇ ಎಂಬುವರು ಒಂದು ಲೇಖನ ಬರೆದರು. ಒಂದು ಸಂಸ್ಥೆ ರೂಪಿಸುವ ವ್ಯವಸ್ಥೆಯ ಆಕಾರ, ಆ ಸಂಸ್ಥೆಯೊಳಗೆ ಜನ ಹೇಗೆ ಮಾತಾಡಿಕೊಳ್ಳುತ್ತಾರೋ ಅದರ ಪಡಿಯಚ್ಚಾಗಿರುತ್ತದೆ ಅನ್ನುವುದು ಅದರ ಸಾರ. ಬುಕಿಂಗ್ ತಂಡ ಒಂದು ಮಹಡಿ, ಪೇಮೆಂಟ್ ತಂಡ ಇನ್ನೊಂದು ಮಹಡಿ ಆಗಿದ್ದರೆ ಸಾಫ್ಟ್‌ವೇರ್‌ನಲ್ಲಿಯೂ ಅಲ್ಲೊಂದು ಗೋಡೆ ಬಂದಿರುತ್ತದೆ. ಎರಡು ಸಲ ಹಣ ಹೋಗುವ ಬಗ್ ಆ ಗೋಡೆಯ ಸಂದಿಯಲ್ಲೇ ಇರುತ್ತದೆ, ಯಾಕೆಂದರೆ ಅದು ಎರಡು ತಂಡಕ್ಕೂ ಸೇರಿದ್ದಲ್ಲ.

ಗೋಡೆಯ ಸಂದಿ ಎಷ್ಟು ದುಬಾರಿ ಆಗಬಹುದು ಎಂಬುದಕ್ಕೆ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಇದೆ. 1999ರ ಸೆಪ್ಟೆಂಬರ್ 23ರಂದು ಮಂಗಳನ ಕಕ್ಷೆ ಸೇರಬೇಕಿದ್ದ ನೌಕೆ ಬೇಕಾದ್ದಕ್ಕಿಂತ ತೀರಾ ಕೆಳಗೆ ಹೋಗಿ ಕಳೆದುಹೋಯಿತು. ನೌಕೆಯನ್ನು ಕಟ್ಟಿದ ಕಂಪನಿಯ ನೆಲದ ಸಾಫ್ಟ್‌ವೇರ್, ಚಿಕ್ಕ ರಾಕೆಟ್‌ಗಳ ತಳ್ಳುಬಲದ ಲೆಕ್ಕವನ್ನು ಪೌಂಡ್-ಸೆಕೆಂಡುಗಳಲ್ಲಿ ಕೊಡುತ್ತಿತ್ತು. ಪಥ ಲೆಕ್ಕಹಾಕುವವರು ಅದು ನ್ಯೂಟನ್-ಸೆಕೆಂಡು ಎಂದು ಓದುತ್ತಿದ್ದರು. ಸುಮಾರು 4.45 ಪಟ್ಟು ವ್ಯತ್ಯಾಸ. ಮೆಟ್ರಿಕ್ ಮಾನದಲ್ಲೇ ಕೊಡಬೇಕು ಎಂದು ಒಪ್ಪಂದದ ದಾಖಲೆಯಲ್ಲಿ ಬರೆದಿತ್ತು, ಇದನ್ನು ಗಮನಿಸಿ. ದಾಖಲೆ ಇದ್ದೂ ಹೀಗಾಯಿತು. ಬರೆದಿಟ್ಟದ್ದನ್ನು ಎರಡು ಕಡೆಯ ಕೋಡ್ ಜೋಡಿಸಿ ಒಮ್ಮೆ ಓಡಿಸಿ ನೋಡುವವರೆಗೂ ಅದು ಬರೀ ಕಾಗದ.

“ಸರಿ, ಇದಕ್ಕೆಲ್ಲ ಎಷ್ಟು ದಿನ ಬೇಕು?” ಈ ಪ್ರಶ್ನೆ ಬಂದೇ ಬರುತ್ತದೆ, ಸಾಮಾನ್ಯವಾಗಿ ಮೇಲಿನ ಪ್ರಶ್ನೆಗಳಲ್ಲಿ ಒಂದಕ್ಕೂ ಉತ್ತರ ಸಿಗುವ ಮೊದಲೇ.

ಸಾಫ್ಟ್‌ವೇರ್ ತಡ ಆಗುತ್ತದೆ, ಹೇಳಿದ್ದಕ್ಕಿಂತ ಹೆಚ್ಚು ಖರ್ಚಾಗುತ್ತದೆ ಅನ್ನುವ ಗೋಳು ನಮ್ಮ ಕಾಲದ್ದಲ್ಲ. 1968ರ ಅಕ್ಟೋಬರ್‌ನಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನ್ಯಾಟೊ ಪ್ರಾಯೋಜಿಸಿದ ಸಮ್ಮೇಳನದಲ್ಲಿ ತಜ್ಞರು ಕೂತು ಚರ್ಚಿಸಿದ್ದು ಇದನ್ನೇ. ಎರಡು ವರ್ಷ ಕಳೆದ ಮೇಲೆ, 1970ರಲ್ಲಿ, ವಿನ್‌ಸ್ಟನ್ ರಾಯ್ಸ್ ಒಂದು ಪ್ರಬಂಧ ಬರೆದರು. ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುವ ಆ ಚೌಕಗಳ ಚಿತ್ರ ಅದರಲ್ಲಿತ್ತು. ಮುಂದೆ ಜನ ಅದಕ್ಕೆ ವಾಟರ್‌ಫಾಲ್ ಎಂದು ಹೆಸರಿಟ್ಟರು. ತಮಾಷೆ ಏನೆಂದರೆ, ಹೀಗೆ ನೇರವಾಗಿ ಇಳಿದುಕೊಂಡು ಹೋದರೆ ಅಪಾಯ ಎಂದು ರಾಯ್ಸ್ ಅದೇ ಪ್ರಬಂಧದಲ್ಲಿ ಬರೆದಿದ್ದರು. ಹೊಸ ಬಗೆಯ ಸಾಫ್ಟ್‌ವೇರ್ ಆದರೆ ಎರಡು ಸಲ ಮಾಡಿ, ಗ್ರಾಹಕರನ್ನು ಮೊದಲಿನಿಂದಲೂ ಜೊತೆಗಿಟ್ಟುಕೊಳ್ಳಿ ಎಂದು ಸಲಹೆ ಕೊಟ್ಟಿದ್ದರು. ಚಿತ್ರವನ್ನು ಎಲ್ಲರೂ ಎತ್ತಿಕೊಂಡರು, ಅದರ ಸುತ್ತಲಿನ ಬರಹವನ್ನು ಬಿಟ್ಟರು.

ಆಮೇಲೆ 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ 17 ಮಂದಿ ಸೇರಿ ಅಜೈಲ್ ಪ್ರಣಾಳಿಕೆ ಬರೆದರು. ಚಿಕ್ಕ ತುಂಡು ಮಾಡಿ, ಓಡುವ ಸಾಫ್ಟ್‌ವೇರ್ ತೋರಿಸಿ, ಬದಲಾವಣೆಗೆ ಒಗ್ಗಿಕೊಳ್ಳಿ ಅನ್ನುವುದು ಅದರ ತಿರುಳು. ಒಳ್ಳೆಯ ಮಾತು. ಆದರೆ ಈಗ ಎಷ್ಟೋ ಕಡೆ ಎರಡು ವಾರದ ಸ್ಪ್ರಿಂಟ್ (ಕೆಲಸದ ಒಂದು ಸುತ್ತು) ಅಂದರೆ ಅದೇ ವಾಟರ್‌ಫಾಲನ್ನು ಎರಡು ವಾರಕ್ಕೆ ಕತ್ತರಿಸಿದ್ದು. ಮೊದಲ ಎಂಟು ದಿನ ಕೋಡಿಂಗ್, ಒಂಬತ್ತನೇ ದಿನ ಸಂಜೆ ಟೆಸ್ಟರ್ ತಲೆಮೇಲೆ ಎಲ್ಲವನ್ನೂ ಸುರಿಯುವುದು. ಬೆಳಗಿನ ಸ್ಟ್ಯಾಂಡಪ್‌ನಲ್ಲಿ ನಿಂತು ನಿನ್ನೆ ಏನು ಮಾಡಿದೆ ಎಂದು ವರದಿ ಒಪ್ಪಿಸುವುದು. ಯಾರಿಗೆ ಎಲ್ಲಿ ಗಾಡಿ ನಿಂತಿದೆ ಎಂದು ತಿಳಿಯಲು ಹುಟ್ಟಿದ ಸಭೆ ಅದು. ಹಾಜರಿ ಪುಸ್ತಕ ಆಗಿಬಿಟ್ಟಿದೆ.

ತಡವಾಯಿತು ಅಂದ ಕೂಡಲೇ ಜನ ಸೇರಿಸುವ ಅಭ್ಯಾಸವೂ ಹಳೆಯದೇ. ಐಬಿಎಂನಲ್ಲಿ ಓಎಸ್/360 ಎಂಬ ಆಪರೇಟಿಂಗ್ ಸಿಸ್ಟಂ ಕೆಲಸ ನಡೆಸಿದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿಟ್ಟಿದ್ದಾರೆ: ತಡವಾದ ಪ್ರಾಜೆಕ್ಟ್‌ಗೆ ಜನ ಸೇರಿಸಿದರೆ ಇನ್ನೂ ತಡ ಆಗುತ್ತದೆ. ಲೆಕ್ಕ ಮಾಡಿ ನೋಡಿ. ಐದು ಜನರಿದ್ದರೆ ಇಬ್ಬಿಬ್ಬರು ಮಾತಾಡಿಕೊಳ್ಳುವ ಜೋಡಿಗಳು 10. ಹತ್ತು ಜನರಾದರೆ 45. ಇಪ್ಪತ್ತಾದರೆ 190. ನಾಲ್ಕನೇ ನಿಲ್ದಾಣದ ತೀರ್ಮಾನವನ್ನು 190 ದಾರಿಗಳಲ್ಲಿ ಕೆಡದಂತೆ ಸಾಗಿಸಬೇಕು. ಅದೂ ಅಲ್ಲದೆ ಹೊಸಬರಿಗೆ ಕೆಲಸ ಹೇಳಿಕೊಡಬೇಕಾದವರು, ಕೆಲಸ ಮುಗಿಸಬೇಕಾಗಿದ್ದ ಹಳಬರೇ.

ಕೋಡಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದನ್ನು ನೀವು ಕಲಿಯುತ್ತಲೇ ಇದ್ದೀರಿ. ಒಂದು ಎಚ್ಚರಿಕೆ ಮಾತ್ರ: ಹಣವನ್ನು ಫ್ಲೋಟ್‌ನಲ್ಲಿ, ಅಂದರೆ ದಶಮಾಂಶ ಸಂಖ್ಯೆಯನ್ನು ಅಂದಾಜಾಗಿ ಹಿಡಿದಿಡುವ ಬಗೆಯಲ್ಲಿ, ಇಡಬೇಡಿ. ಹೆಚ್ಚಿನ ಭಾಷೆಗಳಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ. ಅತಿ ಚಿಕ್ಕ ನಾಣ್ಯದ ಲೆಕ್ಕದಲ್ಲಿ ಪೂರ್ಣಾಂಕವಾಗಿ ಇಡಿ. ಹಾಗಿಟ್ಟರೂ, ಮೂರು ಸೀಟಿಗೆ ಒಟ್ಟು ನೂರು ಎಂದು ವಸೂಲಿ ಮಾಡಿ, ಒಂದೊಂದಾಗಿ ರದ್ದಾದಾಗ 33.33ರಂತೆ ಮೂರು ಸಲ ಕೊಟ್ಟರೆ ಲೆಕ್ಕದಲ್ಲಿ 0.01 ಉಳಿಯುತ್ತದೆ. ಅದನ್ನು ಯಾವ ಸೀಟಿಗೆ ಸೇರಿಸಬೇಕು ಎಂಬುದು ಮೊದಲೇ ತೀರ್ಮಾನವಾಗಿರಲಿ. ಇಲ್ಲದಿದ್ದರೆ ಅಕೌಂಟ್ಸ್‌ನವರು ತಿಂಗಳ ಕೊನೆಗೆ ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ.

ಹಲವರು ಒಂದೇ ಕೋಡ್ ಮೇಲೆ ಕೆಲಸ ಮಾಡುವುದಕ್ಕೆ ಇವತ್ತು ಬಹುತೇಕ ಎಲ್ಲರೂ ಬಳಸುವುದು ಗಿಟ್. ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ಕರ್ನಲ್ ತಂಡ ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ಅಂಥದೇ ಉಪಕರಣದ ಉಚಿತ ಪರವಾನಗಿ ಕೈತಪ್ಪಿದಾಗ, 2005ರ ಏಪ್ರಿಲ್‌ನಲ್ಲಿ ಲಿನಸ್ ಟೊರ್ವಾಲ್ಡ್ಸ್ ಗಿಟ್ ಬರೆಯಲು ಶುರು ಮಾಡಿದರು. ನೀವು ನಿಮ್ಮ ಬ್ರಾಂಚ್‌ನಲ್ಲಿ, ಅಂದರೆ ಕೋಡ್‌ನ ನಿಮ್ಮದೇ ಕವಲಿನಲ್ಲಿ, ಬದಲಾವಣೆ ಮಾಡಿ, ಅದನ್ನು ಮುಖ್ಯ ಕೋಡ್‌ಗೆ ಸೇರಿಸಿ ಎಂದು ಪುಲ್ ರಿಕ್ವೆಸ್ಟ್ ಹಾಕುತ್ತೀರಿ, ಇನ್ನೊಬ್ಬರು ಓದಿ ಒಪ್ಪಿಗೆ ಕೊಡುತ್ತಾರೆ. ನಲವತ್ತು ಸಾಲಿನ ಬದಲಾವಣೆ ಕಳಿಸಿದರೆ ಹತ್ತು ಆಕ್ಷೇಪ ಬರುತ್ತವೆ. ಎರಡು ಸಾವಿರ ಸಾಲು ಕಳಿಸಿದರೆ ಐದು ನಿಮಿಷದಲ್ಲಿ “ಚೆನ್ನಾಗಿದೆ” ಅಂತ ಒಂದು ಹೆಬ್ಬೆರಳು ಬರುತ್ತದೆ. (ಇಲ್ಲಿ ಸಭೆಯಲ್ಲಿ ನಗು. ಕೆಲಸದಲ್ಲಿರುವವರು ಕೆಲವರಿದ್ದರು ಅಂತ ಆಗ ಗೊತ್ತಾಯಿತು.) ಆ ಒಪ್ಪಿಗೆ ಯಾವ ಕೆಲಸಕ್ಕೂ ಬಾರದು. ತುಂಡು ಚಿಕ್ಕದಿರಲಿ. ಏನು ಬದಲಿಸಿದೆ ಎಂಬುದು ಕೋಡ್‌ನಲ್ಲೇ ಕಾಣುತ್ತದೆ, ಯಾಕೆ ಬದಲಿಸಿದೆ ಎಂಬುದನ್ನು ಮೇಲೆ ನಾಲ್ಕು ಸಾಲಿನಲ್ಲಿ ಬರೆಯಿರಿ. ಎರಡು ವರ್ಷದ ನಂತರ “ಇದು ಯಾಕೆ ಹೀಗಿದೆ?” ಅಂತ ಹುಡುಕುವವರಿಗೆ ಸಿಗುವುದು ಆ ನಾಲ್ಕು ಸಾಲೇ.

ಟೆಸ್ಟಿಂಗ್. ಟೆಸ್ಟ್‌ಗಳು ಬಗ್ ಇರುವುದನ್ನು ತೋರಿಸಬಲ್ಲವೇ ಹೊರತು ಇಲ್ಲ ಎಂಬುದನ್ನು ತೋರಿಸಲಾರವು ಎಂದು ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಹೇಳಿದ್ದು ಐವತ್ತು ವರ್ಷಕ್ಕೂ ಹಿಂದೆ. ಹಾಗಂತ ಟೆಸ್ಟ್ ಬೇಡ ಅಂತಲ್ಲ. ನಮ್ಮ ಬಟನ್‌ಗೆ ಸರಿಯಾಗಿ 24 ಗಂಟೆ ಇದ್ದಾಗ ಏನು, ಒಂದು ಸೆಕೆಂಡು ಕಡಿಮೆ ಇದ್ದಾಗ ಏನು ಎಂದು ನೋಡಲೇಬೇಕು. ಅದಕ್ಕೆ ಕೋಡ್ ತಾನಾಗಿಯೇ ಗಡಿಯಾರ ನೋಡಬಾರದು, ಈಗಿನ ಸಮಯವನ್ನು ಹೊರಗಿನಿಂದ ಕೊಡುವಂತಿರಬೇಕು. ಆಗ ಟೆಸ್ಟ್‌ನಲ್ಲಿ ನಮಗೆ ಬೇಕಾದ ಹೊತ್ತನ್ನು ಕೊಡಬಹುದು. ಇಂಥ ಚಿಕ್ಕ ಟೆಸ್ಟ್‌ಗಳು ಪ್ರತಿ ಬದಲಾವಣೆಗೂ ತಾವಾಗಿಯೇ ಓಡುವಂತೆ ಸಿಐ (ಕಂಟಿನ್ಯುಯಸ್ ಇಂಟಿಗ್ರೇಶನ್) ವ್ಯವಸ್ಥೆ ಇರುತ್ತದೆ. ಆದರೆ ನುರಿತ ಟೆಸ್ಟರ್ ಮಾಡುವುದೇ ಬೇರೆ. “ಗಂಡ ಹೆಂಡತಿ ಒಂದೇ ಅಕೌಂಟಿನಿಂದ ಎರಡು ಫೋನಲ್ಲಿ ಒಟ್ಟಿಗೆ ಒತ್ತಿದರೆ?” ಅನ್ನುತ್ತಾರೆ. “ಹಣ ಕಟ್ಟಿದ ಕಾರ್ಡ್ ಈಗ ಬಂದ್ ಆಗಿದ್ದರೆ?” ಅನ್ನುತ್ತಾರೆ. ಅಂಥವರನ್ನು ಕೊನೆಯ ದಿನ ಕರೆಯುವ ಬದಲು, ಎರಡು ಸಾಲಿನ ಆ ಮೊದಲ ಟಿಪ್ಪಣಿ ಬಂದ ದಿನವೇ ಕರೆದರೆ ಅರ್ಧ ತೊಂದರೆ ಹುಟ್ಟುವುದೇ ಇಲ್ಲ.

ಚೆನ್ನಾಗಿ ಪರೀಕ್ಷೆಯಾಗಿ, ವರ್ಷಗಟ್ಟಲೆ ಓಡಿದ ಕೋಡ್ ಕೂಡ ಜಾಗ ಬದಲಾದರೆ ಕೈಕೊಡುತ್ತದೆ. ಯುರೋಪಿನ ಏರಿಯಾನ್ 5 ರಾಕೆಟ್‌ನ ಮೊದಲ ಹಾರಾಟ, 1996ರ ಜೂನ್ 4. ಏರಿಯಾನ್ 4ರಲ್ಲಿ ಸರಿಯಾಗಿ ಕೆಲಸ ಮಾಡಿದ್ದ ಕೋಡನ್ನೇ ಇದಕ್ಕೂ ಬಳಸಿದ್ದರು. ಅದರಲ್ಲಿ 64 ಬಿಟ್‌ನ ಒಂದು ಸಂಖ್ಯೆಯನ್ನು 16 ಬಿಟ್ ಪೂರ್ಣಾಂಕಕ್ಕೆ ಇಳಿಸುವ ಸಾಲೊಂದಿತ್ತು. ಅಡ್ಡ ವೇಗಕ್ಕೆ ಸಂಬಂಧಿಸಿದ ಆ ಸಂಖ್ಯೆ ಏರಿಯಾನ್ 4ರಲ್ಲಿ ಎಂದೂ 16 ಬಿಟ್‌ನಲ್ಲಿ ಹಿಡಿಸುವ ಗರಿಷ್ಠ ಮಿತಿಯಾದ 32,767 ದಾಟುತ್ತಿರಲಿಲ್ಲ. ಏರಿಯಾನ್ 5ರ ಪಥ ಬೇರೆ, ವೇಗ ಹೆಚ್ಚು. ಸಂಖ್ಯೆ ಮಿತಿ ದಾಟಿತು. ಮಾರ್ಗದರ್ಶನದ ಮಾಹಿತಿ ಕೊಡುವ ಘಟಕ ನಿಂತಿತು. ಅದಕ್ಕೆ ಬದಲಿಯಾಗಿ ಇಟ್ಟಿದ್ದ ಘಟಕದಲ್ಲೂ ಅದೇ ಕೋಡ್, ಹಾಗಾಗಿ ಅದೂ ನಿಂತಿತು. ಸುಮಾರು 40 ಸೆಕೆಂಡುಗಳಲ್ಲಿ ರಾಕೆಟ್ ಚೂರುಚೂರು. ಇದೆಲ್ಲದರಲ್ಲಿ ನನಗೆ ಹೆಚ್ಚು ಕಾಡುವ ವಿವರ ಬೇರೆ: ಆ ಲೆಕ್ಕಾಚಾರ ಏರಿಯಾನ್ 5ಕ್ಕೆ ನೆಲ ಬಿಟ್ಟ ಮೇಲೆ ಬೇಕಾಗಿರಲೇ ಇಲ್ಲ. ಹಳೆಯ ರಾಕೆಟ್‌ನ ಅನುಕೂಲಕ್ಕಾಗಿ ಇದ್ದದ್ದು ಹಾಗೇ ಉಳಿದುಕೊಂಡಿತ್ತು.

ಬಿಡುಗಡೆ ಅಂದರೆ ಬಟನ್ ಒತ್ತಿದರೆ ಹಳೆಯದು ಹೋಗಿ ಹೊಸದು ಬರುತ್ತದೆ ಅಂದುಕೊಂಡಿರುತ್ತೇವೆ. ಹಾಗಿಲ್ಲ. ಕೆಲ ಹೊತ್ತು ಎರಡೂ ಒಟ್ಟಿಗೆ ಓಡುತ್ತವೆ. ಕೆಲವು ಸರ್ವರ್‌ಗಳಲ್ಲಿ ಹೊಸ ಕೋಡ್, ಕೆಲವದರಲ್ಲಿ ಹಳೆಯದು, ಡೇಟಾಬೇಸ್ ಮಾತ್ರ ಒಂದೇ. ರದ್ದತಿಗಾಗಿ ಟೇಬಲ್‌ನಲ್ಲಿ ಒಂದು ಕಾಲಂನ ಹೆಸರು ಬದಲಿಸಿದರೆ ಹಳೆಯ ಕೋಡ್ ಅಲ್ಲೇ ಬೀಳುತ್ತದೆ. ಅದಕ್ಕೆ ಹೊಸ ಕಾಲಂ ಸೇರಿಸಿ, ಎರಡಕ್ಕೂ ಬರೆದು, ಎಲ್ಲ ಕಡೆ ಹೊಸ ಕೋಡ್ ಬಂದಿದೆ ಎಂದು ಖಾತ್ರಿಯಾದ ಮೇಲೆ ಹಳೆಯದನ್ನು ತೆಗೆಯುತ್ತಾರೆ. ಬಟನ್ ಅನ್ನೂ ಮೊದಲು ನೂರರಲ್ಲಿ ಒಬ್ಬರಿಗೆ ತೋರಿಸಿ, ಒಂದೆರಡು ದಿನ ನೋಡಿ, ಆಮೇಲೆ ಎಲ್ಲರಿಗೂ ತೆರೆಯುತ್ತಾರೆ. ಇದಕ್ಕೆ ಬಳಸುವ ಸ್ವಿಚ್ಚೇ ಫೀಚರ್ ಫ್ಲ್ಯಾಗ್.

ಈ ಫ್ಲ್ಯಾಗ್ ಬಗ್ಗೆ ಒಂದು ಕಥೆ ಹೇಳಲೇಬೇಕು. 2012ರ ಆಗಸ್ಟ್ 1. ಅಮೆರಿಕದ ಷೇರು ವ್ಯವಹಾರದ ಕಂಪನಿ ನೈಟ್ ಕ್ಯಾಪಿಟಲ್. ಹೊಸ ಕೋಡನ್ನು ಎಂಟು ಸರ್ವರ್‌ಗಳಿಗೆ ಹಾಕಬೇಕಿತ್ತು. ಏಳಕ್ಕೆ ಹಾಕಿದರು, ಒಂದು ಬಿಟ್ಟುಹೋಯಿತು. ಹೊಸ ಕೋಡ್‌ಗೆ ಬಳಸಿದ ಫ್ಲ್ಯಾಗ್ ಹೊಸದಾಗಿರಲಿಲ್ಲ. 2003ರಲ್ಲೇ ಬಳಕೆ ನಿಂತಿದ್ದ ಹಳೆಯ ಕೋಡ್‌ನದು. ಆ ಹಳೆಯ ಕೋಡನ್ನು ಯಾರೂ ಅಳಿಸಿರಲಿಲ್ಲ. ಬೆಳಿಗ್ಗೆ ಮಾರುಕಟ್ಟೆ ತೆರೆದಾಗ ಏಳು ಸರ್ವರ್‌ಗಳಿಗೆ ಆ ಫ್ಲ್ಯಾಗ್‌ನ ಅರ್ಥ ಒಂದು, ಎಂಟನೆಯದಕ್ಕೆ ಇನ್ನೊಂದು. ಎಂಟನೆಯದು ನಿಲ್ಲಿಸದೆ ಆರ್ಡರ್ ಕಳಿಸುತ್ತಾ ಹೋಯಿತು. ಗಾಬರಿಯಲ್ಲಿ, ಹೊಸ ಕೋಡ್‌ನಲ್ಲೇ ತಪ್ಪಿರಬೇಕೆಂದು ಸರಿಯಾಗಿದ್ದ ಏಳರಿಂದಲೂ ಅದನ್ನು ತೆಗೆದರು. ಈಗ ಎಂಟೂ ಹಳೆಯ ಕೋಡ್ ಓಡಿಸತೊಡಗಿದವು. ಸುಮಾರು 45 ನಿಮಿಷ, 46 ಕೋಟಿ ಡಾಲರ್‌ಗೂ ಹೆಚ್ಚು ನಷ್ಟ. ಮಾರುಕಟ್ಟೆ ತೆರೆಯುವ ಮೊದಲೇ ವ್ಯವಸ್ಥೆ 97 ಇಮೇಲ್ ಕಳಿಸಿತ್ತು. ಅವನ್ನು ಎಚ್ಚರಿಕೆ ಎಂದು ನೋಡುವ ಪದ್ಧತಿಯೇ ಅಲ್ಲಿರಲಿಲ್ಲ.

ಇದರಲ್ಲಿ ಎಷ್ಟು ಬಾಣಗಳು ತಪ್ಪಿವೆ ನೋಡಿ. ಒಂಬತ್ತು ವರ್ಷದ ಹಿಂದಿನವರಿಂದ ಈಗಿನವರಿಗೆ ಒಂದು. ಕೋಡ್ ಬರೆದವರಿಂದ ಸರ್ವರ್‌ಗೆ ಹಾಕಿದವರಿಗೆ ಒಂದು. ಯಂತ್ರದಿಂದ ಮನುಷ್ಯರಿಗೆ ಇನ್ನೊಂದು.

ನಮ್ಮ ಬಟನ್ ಹೊರಗೆ ಬಂತು ಅನ್ನೋಣ. ಆಮೇಲಿನದು ಅದರ ಆಯುಷ್ಯದ ಬಹುಪಾಲು. ಎರರ್ ಎಷ್ಟು, ಉತ್ತರಕ್ಕೆ ಎಷ್ಟು ಹೊತ್ತು ಎಂದು ಎಲ್ಲರೂ ಗ್ರಾಫ್ ಹಾಕುತ್ತಾರೆ. ನಾನಾದರೆ ಇನ್ನೂ ಒಂದು ಹಾಕುತ್ತೇನೆ: ‘ಗೊತ್ತಿಲ್ಲ’ ಸ್ಥಿತಿಯಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊತ್ತು ಸಿಕ್ಕಿಕೊಂಡಿರುವ ರದ್ದತಿಗಳೆಷ್ಟು? ಸರ್ವರ್ ಆರೋಗ್ಯವಾಗಿದ್ದೂ ಪ್ರಯಾಣಿಕರ ಹಣ ನಡುದಾರಿಯಲ್ಲಿ ನಿಂತಿರಬಹುದು.

ಬ್ಯಾಕಪ್ ಬಗ್ಗೆ ಕೂಡ ಕೇಳಿ. 2017ರ ಜನವರಿ 31ರಂದು ತಂಡಗಳ ಕೋಡ್ ಇಡಲು ಜಾಗ ಕೊಡುವ ಗಿಟ್‌ಲ್ಯಾಬ್ ಕಂಪನಿಯ ಇಂಜಿನಿಯರ್ ಒಬ್ಬರು ತಡರಾತ್ರಿ ಡೇಟಾಬೇಸ್‌ನ ತೊಂದರೆ ಸರಿಪಡಿಸುತ್ತಾ, ಎರಡನೇ ಸರ್ವರ್‌ನಲ್ಲಿ ಅಳಿಸಬೇಕಾದ್ದನ್ನು ಮುಖ್ಯ ಸರ್ವರ್‌ನಲ್ಲಿ ಅಳಿಸಿದರು. ಬ್ಯಾಕಪ್ ತೆಗೆಯೋಣ ಅಂದರೆ ದಿನದ ಬ್ಯಾಕಪ್ ಆಗುತ್ತಲೇ ಇರಲಿಲ್ಲ. ಡೇಟಾಬೇಸ್‌ನ ಆವೃತ್ತಿಗೆ ಹೊಂದದ ಹಳೆಯ ಉಪಕರಣ ಓಡುತ್ತಿತ್ತು. ವಿಫಲವಾಯಿತು ಅನ್ನುವ ಇಮೇಲ್‌ಗಳೂ ತಲುಪುತ್ತಿರಲಿಲ್ಲ. ಅದೃಷ್ಟಕ್ಕೆ ಆರು ಗಂಟೆ ಮೊದಲು ಬೇರೊಂದು ಕೆಲಸಕ್ಕೆ ಕೈಯಾರೆ ತೆಗೆದಿದ್ದ ಒಂದು ಪ್ರತಿ ಸಿಕ್ಕಿತು. ಗಿಟ್‌ಲ್ಯಾಬ್‌ನವರು ಮೆಚ್ಚುವ ಕೆಲಸ ಒಂದು ಮಾಡಿದರು. ನಡೆದದ್ದೆಲ್ಲವನ್ನೂ ಜಗತ್ತಿಗೆ ತೆರೆದಿಟ್ಟರು, ಆ ಇಂಜಿನಿಯರ್ ಮೇಲೆ ಹೊರೆ ಹೊರಿಸಲಿಲ್ಲ. ಒಬ್ಬರು ದಣಿದು ತಪ್ಪು ಕಿಟಕಿಯಲ್ಲಿ ಟೈಪ್ ಮಾಡುವುದು ನಾಳೆಯೂ ಆಗುತ್ತದೆ. ಬೈದರೆ ಮುಂದಿನವರು ಮುಚ್ಚಿಡಲು ಕಲಿಯುತ್ತಾರೆ, ಅಷ್ಟೇ.

ಇನ್ನು ಪ್ರಶ್ನೆಗಳು.

ಒಬ್ಬರು ಕೇಳಿದರು: “ಎಷ್ಟು ದಿನ ಬೇಕು ಅಂತ ಮ್ಯಾನೇಜರ್ ಕೇಳಿದರೆ ಏನು ಹೇಳಬೇಕು ಸರ್?”

ಒಂದೇ ಸಂಖ್ಯೆ ಹೇಳಬೇಡಿ. “ಬರೀ ಪೂರ್ತಿ ಬುಕಿಂಗ್ ರದ್ದು ಮಾಡುವುದಾದರೆ ಒಂದು ವಾರ. ಬಿಡಿ ಸೀಟು, ಕೂಪನ್ ಎಲ್ಲ ಸೇರಿದರೆ ಮೂರರಿಂದ ಐದು ವಾರ. ಗೇಟ್‌ವೇ ಅವರಿಂದ ಉತ್ತರ ಬಾರದೆ ಖಚಿತವಾಗಿ ಹೇಳಲಾರೆ” ಅನ್ನಿ. ಆಗ ಅವರ ಕೈಗೆ ಒಂದು ಆಯ್ಕೆ ಸಿಗುತ್ತದೆ. ಬರೀ ತಾರೀಖು ಕೊಟ್ಟರೆ ಅವರ ಕೈಗೆ ಸಿಗುವುದು ಬೆತ್ತ.

ಇನ್ನೊಬ್ಬರು: “ಈಗ ಕೋಡನ್ನೆಲ್ಲ ಎಐ ಬರೆಯುತ್ತದೆ. ಇಷ್ಟು ಜನರ ತಂಡ ಬೇಕಾಗುತ್ತದೆಯೇ?”

ಬರೆಯುತ್ತದೆ, ಚೆನ್ನಾಗಿಯೇ ಬರೆಯುತ್ತದೆ. ನಾಲ್ಕನೇ ನಿಲ್ದಾಣದ ಬಗ್ಗೆ ನೀವು ಹೇಳದಿದ್ದರೆ ಅದೂ ಆ ಡೆವಲಪರ್ ಹಾಗೇ ಯಾವುದೋ ಒಂದು ವೇಳೆ ಆರಿಸಿಕೊಂಡು ಮುಂದೆ ಹೋಗಬಹುದು, ಇನ್ನೂ ಬೇಗ. ಒಂದು ಬದಲಾವಣೆಯಂತೂ ಈಗಲೇ ಕಾಣುತ್ತಿದೆ. ಬರೆಯುವುದು ಅಗ್ಗವಾದ ಮೇಲೆ ಎರಡು ಸಾವಿರ ಸಾಲಿನ ಪುಲ್ ರಿಕ್ವೆಸ್ಟ್‌ಗಳು ಹೆಚ್ಚಾಗಿವೆ. ಓದುವವರ ಕಣ್ಣು ಎರಡೇ. ತಂಡ ಎಷ್ಟು ದೊಡ್ಡದಿರುತ್ತದೆ ಎಂದು ಭವಿಷ್ಯ ನುಡಿಯುವುದಿಲ್ಲ. ಓದುವುದು, ಪ್ರಶ್ನೆ ಕೇಳುವುದು ಕಲಿತವರಿಗೆ ಕೆಲಸ ಕಡಿಮೆಯಾಗುವ ಸೂಚನೆ ನನಗೆ ಕಂಡಿಲ್ಲ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು: “ನಾವು ಇಬ್ಬರೇ ಗೆಳೆಯರು ಸೇರಿ ಆ್ಯಪ್ ಮಾಡುತ್ತಿದ್ದೇವೆ. ನಮಗೂ ಇದೆಲ್ಲ ಬೇಕಾ?”

ಬೇಡ. ಎಲ್ಲ ಕೋಡ್ ಗಿಟ್‌ನಲ್ಲಿರಲಿ. ಒಂದೇ ಕಮಾಂಡ್‌ನಲ್ಲಿ ಬಿಡುಗಡೆ ಆಗುವಂತಿರಲಿ, ಹಿಂದಿನ ಆವೃತ್ತಿಗೆ ಮರಳಲೂ ಒಂದೇ ಕಮಾಂಡ್ ಸಾಕಾಗಲಿ. ಬ್ಯಾಕಪ್ ತೆಗೆಯಿರಿ, ಅದನ್ನು ಖಾಲಿ ಯಂತ್ರಕ್ಕೆ ಹಾಕಿ ಆ್ಯಪ್ ಓಡುತ್ತದೆಯೇ ಎಂದು ತಿಂಗಳಿಗೊಮ್ಮೆ ನೋಡಿ. ಹಣದ ವ್ಯವಹಾರ ಇದ್ದರೆ ಆ ಭಾಗಕ್ಕೆ ಟೆಸ್ಟ್ ಬರೆಯಿರಿ, ಉಳಿದದ್ದಕ್ಕೆ ಆಮೇಲೆ. ಇಬ್ಬರೂ ಸೇರಿ ತೆಗೆದುಕೊಂಡ ತೀರ್ಮಾನಗಳನ್ನು ಕೋಡ್ ಇರುವ ಜಾಗದಲ್ಲೇ ಒಂದು ಫೈಲ್‌ನಲ್ಲಿ ತಾರೀಖು ಹಾಕಿ ಬರೆದಿಡಿ, ಬೇಡವೆಂದು ಬಿಟ್ಟ ದಾರಿಗಳನ್ನೂ ಸೇರಿಸಿ; ಮೂರನೆಯವರು ಬಂದ ದಿನ ಅದನ್ನೇ ಓದಲು ಕೊಡಬಹುದು. ಸ್ಟ್ಯಾಂಡಪ್ ಅಂತೂ ಖಂಡಿತ ಬೇಡ, ಎದುರುಬದುರು ಕೂತಿರುತ್ತೀರಲ್ಲ.